ಇತಿಹಾಸ, ಮಾನವಶಾಸ್ತ್ರ ವಿಭಾಗಗಳಲ್ಲಿ ಒಟ್ಟಿಗೆ ಮೂರು ಹುದ್ದೆ ಕರೆದಿದ್ದಾರೆ. ಯಾವುದಕ್ಕೆ ಹಾಕಲಿ, ಹೇಗೆ ಹಾಕಲಿ?

ನೀರಿನ ಜಾಡು

ಎಲ್ಲರಿಗೂ ನಮಸ್ಕಾರ. ಸಾಮಾಜಿಕ ಇತಿಹಾಸದಲ್ಲಿ ಪಿಎಚ್‌ಡಿ ಪ್ರಬಂಧ ಸಲ್ಲಿಸಿ ಎಂಟು ತಿಂಗಳಾಯಿತು. ವೈವಾ ಮುಗಿದಿದೆ. ಸರ್ಟಿಫಿಕೇಟ್ ಇನ್ನೂ ಕೈಗೆ ಬಂದಿಲ್ಲ. ನನ್ನ ಕೆಲಸ 19ನೇ ಶತಮಾನದ ನೀರಿನ ವ್ಯಾಜ್ಯಗಳ ಮೇಲೆ. ಕೋರ್ಟ್ ಕಡತಗಳನ್ನು ಓದಿ ಬರೆದ ಪ್ರಬಂಧ.

ಹೊರದೇಶದ ಒಂದು ವಿಶ್ವವಿದ್ಯಾಲಯ ಒಂದೇ ದಿನ ಮೂರು ಹುದ್ದೆಗೆ ಅರ್ಜಿ ಕರೆದಿದೆ. ಮೂರೂ ನನಗೆ ಹತ್ತಿರ ಅನ್ನಿಸುತ್ತಿವೆ. ಮೊದಲನೆಯದು ಇತಿಹಾಸ ವಿಭಾಗದ ಕಾಯಂ ಲೆಕ್ಚರರ್ ಹುದ್ದೆ. ವಿಷಯ ‘ಪರಿಸರ ಮತ್ತು ಸಮಾಜ, 1750ರಿಂದ ಈಚೆಗೆ’. ಎರಡನೆಯದು ಮಾನವಶಾಸ್ತ್ರದವರ ಪ್ರಾಜೆಕ್ಟ್ ಒಂದರಲ್ಲಿ ಮೂರು ವರ್ಷದ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ. ವಿಷಯ ನೀರು ಮತ್ತು ಕಾನೂನು. ‘ಯಾವ ವಿಭಾಗದಲ್ಲಿ ಪಿಎಚ್‌ಡಿ ಮಾಡಿದ್ದರೂ ಸರಿ’ ಎಂದು ಬರೆದಿದ್ದಾರೆ. ಮೂರನೆಯದು ಒಂಬತ್ತು ತಿಂಗಳ ಪಾಠದ ಕೆಲಸ. ಯಾರೋ ಸಂಶೋಧನೆಗೆಂದು ರಜೆ ಹಾಕಿದ್ದಾರೆ, ಅವರ ಜಾಗಕ್ಕೆ.

ಕೊನೆಯ ದಿನಕ್ಕೆ ಮೂರು ವಾರ ಇದೆ. ಮೂರಕ್ಕೂ ಹಾಕಿದರೆ ‘ಇವಳಿಗೆ ಏನು ಬೇಕು ಅಂತ ಇವಳಿಗೇ ಗೊತ್ತಿಲ್ಲ’ ಅಂದುಕೊಳ್ಳುತ್ತಾರಾ? ಲೆಕ್ಚರರ್ ಹುದ್ದೆಗೆ ‘ಇರಲೇಬೇಕು’ ಅಂತ ಒಂಬತ್ತು ಅಂಶ ಕೊಟ್ಟಿದ್ದಾರೆ, ‘ಇದ್ದರೆ ಒಳ್ಳೆಯದು’ ಅಂತ ನಾಲ್ಕು. ಒಂಬತ್ತರಲ್ಲಿ ಏಳು ನನ್ನಲ್ಲಿ ಖಂಡಿತ ಇವೆ. ಪುಸ್ತಕ ಬಂದಿಲ್ಲ. ಒಂದು ಲೇಖನ ಪ್ರಕಟವಾಗಿದೆ, ಇನ್ನೊಂದು ರಿವ್ಯೂಗೆ ಹೋಗಿದೆ. ರೆಫರೆನ್ಸ್ (ಶಿಫಾರಸು ಪತ್ರ) ಕೊಡುತ್ತೇನೆ ಎಂದಿದ್ದ ಒಬ್ಬರು ಎರಡು ಮೇಲ್‌ಗೂ ಉತ್ತರ ಕೊಟ್ಟಿಲ್ಲ. ಆಯ್ಕೆ ಸಮಿತಿಯಲ್ಲಿ ಕೂತು ಅರ್ಜಿ ಓದಿದವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಹಳೆ ಕಡತ

ನಾಲ್ಕು ಸಲ ಸಮಿತಿಯಲ್ಲಿ ಕೂತಿದ್ದೇನೆ. ನಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಕಳೆದ ಸಲ ಒಂದು ಕಾಯಂ ಹುದ್ದೆಗೆ ಬಂದ ಅರ್ಜಿ ನೂರು ದಾಟಿದ್ದವು. ನಾವು ಮೂವರು ಮೊದಲ ಸುತ್ತು ಓದಬೇಕಿತ್ತು. ಒಂದು ಎಕ್ಸೆಲ್ ಹಾಳೆ. ಎಡಗಡೆ ಹೆಸರುಗಳು, ಮೇಲ್ಗಡೆ ಜಾಹೀರಾತಿನಲ್ಲಿದ್ದ ಅದೇ ಅಂಶಗಳು, ಅದೇ ಕ್ರಮದಲ್ಲಿ. ಪ್ರತಿ ಮನೆಗೆ ಸೊನ್ನೆಯಿಂದ ಮೂರರವರೆಗೆ ಅಂಕ. ಕೊನೆಯಲ್ಲಿ ಒಂದು ಸಾಲು ಟಿಪ್ಪಣಿ. ಮೂವರೂ ಬೇರೆ ಬೇರೆ ಕೂತು ತುಂಬಿ, ಆಮೇಲೆ ಹಾಳೆಗಳನ್ನು ಒಟ್ಟಿಗೆ ಇಟ್ಟುಕೊಂಡೆವು. ಪಾಠ, ಪರೀಕ್ಷೆ, ಮೀಟಿಂಗ್ ಎಲ್ಲ ಮುಗಿಸಿ ರಾತ್ರಿ ಓದುವ ಕೆಲಸ ಅದು. ಒಂದು ಅರ್ಜಿಗೆ ಮೊದಲ ಸಲ ಸಿಗುವುದು ಏಳೆಂಟು ನಿಮಿಷ. ‘ಪಾಠದ ಅನುಭವ’ ಅನ್ನೋ ಮನೆ ತುಂಬಲು ನಾನು ನಿಮ್ಮ ಸಿವಿಯ ಐದನೇ ಪುಟದವರೆಗೆ ಹುಡುಕಬೇಕಾಗಿ ಬಂದರೆ, ಕೆಲವೊಮ್ಮೆ ಸಿಗದೆ ಸೊನ್ನೆ ಹಾಕಿ ಮುಂದೆ ಹೋಗುತ್ತೇನೆ. ಹೇಳಲು ಬೇಜಾರು, ಆದರೆ ಹೀಗೇ ಆಗುತ್ತದೆ.

ಆದ್ದರಿಂದ ಒಂಬತ್ತು ಅಂಶಗಳನ್ನೂ ಅರ್ಜಿಯ ಪತ್ರದಲ್ಲಿ ಮುಟ್ಟಿ. ಅವರು ಬಳಸಿದ ಪದವನ್ನೇ ಬಳಸಿ. ಅವರು ‘ಸಣ್ಣ ಗುಂಪಿನ ಬೋಧನೆ’ ಅಂದಿದ್ದರೆ ನೀವೂ ಹಾಗೇ ಅನ್ನಿ. ಎರಡು ಅಂಶ ಇಲ್ಲ ಅಂತ ಬಿಡಬೇಡಿ. ಯಾವುವು ಆ ಎರಡು ಅಂತ ಮೊದಲು ಹೇಳಿ.

ಮೂರು ಅರ್ಜಿಯ ವಿಷಯ. ನಾನು ಕೂತ ಕಡೆಯೆಲ್ಲ ಸಮಿತಿಗಳು ಬೇರೆ ಬೇರೆಯೇ ಇದ್ದವು. ಮಾನವಶಾಸ್ತ್ರದ ಸಮಿತಿಗೆ ಬಂದ ಅರ್ಜಿ ಇತಿಹಾಸದವರ ಮೇಜಿಗೆ ಬರುವುದಿಲ್ಲ. ಬಂದರೂ ತಪ್ಪೇನಿಲ್ಲ. ಕೆಲಸ ಹುಡುಕುವವರು ಹತ್ತು ಕಡೆ ಹಾಕುತ್ತಾರೆ ಅಂತ ಎಲ್ಲರಿಗೂ ಗೊತ್ತು. ಆದರೆ ಮೂರಕ್ಕೂ ಒಂದೇ ಪತ್ರ ಕಳಿಸಬೇಡಿ. ಅದು ಮೊದಲ ಪ್ಯಾರಾದಲ್ಲೇ ಗೊತ್ತಾಗುತ್ತದೆ.

ವೈವಾ ಆಗಿ ಸರ್ಟಿಫಿಕೇಟ್ ಬಾರದಿದ್ದರೆ ತೊಂದರೆ ಇಲ್ಲ. ‘ಪ್ರಬಂಧ ಅಂಗೀಕಾರವಾಗಿದೆ, ಪದವಿ ಪ್ರದಾನ ಬಾಕಿ’ ಅಂತ ಸಿವಿಯಲ್ಲಿ ಬರೆದು, ನಿಮ್ಮ ವಿಶ್ವವಿದ್ಯಾಲಯದಿಂದ ಒಂದು ಪತ್ರ ತರಿಸಿ ಇಟ್ಟುಕೊಳ್ಳಿ.

ಎಣಿಕೆ

ಹಳೆ ಕಡತ ಸರ್ ಹೇಳಿದ್ದು ಬ್ರಿಟನ್ ಮಾದರಿಯ ನೇಮಕಾತಿಗೆ ಪೂರ್ತಿ ಸರಿ. ‘ಇರಲೇಬೇಕು’, ‘ಇದ್ದರೆ ಒಳ್ಳೆಯದು’ ಅನ್ನೋ ಎರಡು ಪಟ್ಟಿ ಅಲ್ಲಿನ ರೂಢಿ. ಆಸ್ಟ್ರೇಲಿಯಾದಲ್ಲೂ ಆಯ್ಕೆಯ ಮಾನದಂಡ ಕೊಡುತ್ತಾರೆ. ಎಷ್ಟೋ ಕಡೆ ಒಂದೊಂದಕ್ಕೂ ಪ್ರತ್ಯೇಕ ಉತ್ತರ ಬರೆಯಬೇಕು.

ಅಮೆರಿಕದ ಜಾಹೀರಾತು ಬೇರೆ ಥರ. ಅಲ್ಲಿ ಒಂದು ಪ್ಯಾರಾದಲ್ಲಿ ವಿಷಯ ಹೇಳಿ, ಕವರ್ ಲೆಟರ್, ಸಿವಿ, ಸಂಶೋಧನೆಯ ಹೇಳಿಕೆ, ಬೋಧನೆಯ ಹೇಳಿಕೆ, ಬರಹದ ಮಾದರಿ, ಮೂರು ಶಿಫಾರಸು ಪತ್ರ ಕೇಳುತ್ತಾರೆ. ಕಾಲವೂ ಬೇರೆ. ಟೆನ್ಯೂರ್ ಟ್ರ್ಯಾಕ್, ಅಂದರೆ ಮುಂದೆ ಕಾಯಂ ಆಗಬಹುದಾದ ಹುದ್ದೆಗಳ ಜಾಹೀರಾತು ಹೆಚ್ಚಾಗಿ ಆಗಸ್ಟ್‌ನಿಂದ ನವೆಂಬರ್ ಒಳಗೆ ಬರುತ್ತವೆ. ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಕ್ಯಾಂಪಸ್‌ಗೆ ಕರೆಯುತ್ತಾರೆ, ಕೆಲಸ ಶುರುವಾಗುವುದು ಮುಂದಿನ ಆಗಸ್ಟ್‌ಗೆ. ಬ್ರಿಟನ್‌ನಲ್ಲಿ ವರ್ಷವಿಡೀ ಬರುತ್ತಿರುತ್ತವೆ, ಜಾಹೀರಾತಿಗೂ ಕೊನೆ ದಿನಕ್ಕೂ ನಾಲ್ಕೈದು ವಾರ.

ಇನ್ನೊಂದು. ನಾನು ರಾಜ್ಯಶಾಸ್ತ್ರದವನು. ನಮ್ಮಲ್ಲಿ ಪುಸ್ತಕ ಇಲ್ಲ ಅಂತ ಯಾರೂ ಅಳುವುದಿಲ್ಲ. ಒಳ್ಳೆಯ ಜರ್ನಲ್‌ನಲ್ಲಿ ಎರಡು ಲೇಖನ, ಒಂದು ಗಟ್ಟಿ ವಿಧಾನ, ಅಷ್ಟೇ. ‘ಮಾನವಿಕ ಮತ್ತು ಸಮಾಜ ವಿಜ್ಞಾನ’ ಅಂತ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಒಳಗೆ ಹೋದರೆ ಎರಡರ ಲೆಕ್ಕಾಚಾರವೇ ಬೇರೆ. ಇತಿಹಾಸದವರು ‘ಪುಸ್ತಕ ಯಾವ ಪ್ರೆಸ್‌ಗೆ ಹೋಗುತ್ತಿದೆ’ ಅಂತ ಕೇಳುತ್ತಾರೆ. ನಮ್ಮವರು ‘ನಿನ್ನ ಡೇಟಾ ಎಲ್ಲಿಂದ ಬಂತು’ ಅಂತ ಕೇಳುತ್ತಾರೆ. ಮಾನವಶಾಸ್ತ್ರದವರು ‘ಎಷ್ಟು ದಿನ ಆ ಜನರ ಜೊತೆ ಇದ್ದೆ’ ಅಂತ ಕೇಳುತ್ತಾರೆ. ಪೋಸ್ಟ್‌ಡಾಕ್ ಪತ್ರ ಬರೆಯುವಾಗ ಈ ಕೊನೆಯ ಪ್ರಶ್ನೆ ನೆನಪಿರಲಿ.

ಹಳೆ ಕಡತ

ಒಪ್ಪಿದೆ. ಬ್ರಿಟನ್‌ನಲ್ಲಿ ಪುಸ್ತಕದ ಪ್ರಶ್ನೆಗೆ ಒಂದು ಒಳಗಿನ ಕಾರಣವೂ ಇದೆ. ಅಲ್ಲಿ ಕೆಲವು ವರ್ಷಕ್ಕೊಮ್ಮೆ ಎಲ್ಲ ವಿಭಾಗಗಳ ಸಂಶೋಧನೆಯ ಮೌಲ್ಯಮಾಪನ ನಡೆಯುತ್ತದೆ. ಆರ್‌ಇಎಫ್ ಅಂತಾರೆ. 2014ರಲ್ಲಿ ಆಯಿತು, 2021ರಲ್ಲಿ ಆಯಿತು. 2021ರ ಸುತ್ತಿನಲ್ಲಿ ವಿಭಾಗವೊಂದು ಸರಾಸರಿ ಒಬ್ಬರಿಗೆ 2.5 ಪ್ರಕಟಣೆಯ ಲೆಕ್ಕದಲ್ಲಿ ಕೊಡಬೇಕಿತ್ತು. ದೊಡ್ಡ ಪುಸ್ತಕವಾದರೆ ಎರಡು ಪ್ರಕಟಣೆಗೆ ಸಮ ಅಂತ ಪರಿಗಣಿಸಿ ಎಂದು ಕೇಳಿಕೊಳ್ಳಬಹುದಿತ್ತು. ವಿಶ್ವವಿದ್ಯಾಲಯಕ್ಕೆ ಬರುವ ಸಂಶೋಧನಾ ಅನುದಾನದ ಒಂದು ಭಾಗ ಇದರ ಮೇಲೆ ನಿಂತಿದೆ. ಹಾಗಾಗಿ ‘ಪುಸ್ತಕ ಯಾವಾಗ’ ಅಂತ ಕೇಳುವವರು ನಿಮ್ಮನ್ನು ಸಣ್ಣವರು ಮಾಡಲು ಕೇಳುತ್ತಿಲ್ಲ. ಅವರಿಗೆ ಒಂದು ತಾರೀಖು ಬೇಕು. ‘ಬರೆಯುವ ಯೋಚನೆ ಇದೆ’ ಅಂದರೆ ಸಾಲದು. ಯಾವ ಅಧ್ಯಾಯ ಮುಗಿದಿದೆ, ಪ್ರಕಾಶಕರಿಗೆ ಪ್ರಸ್ತಾವ ಯಾವ ತಿಂಗಳಲ್ಲಿ ಹೋಗುತ್ತದೆ ಅಂತ ಬರೆಯಿರಿ.

ನೀರಿನ ಜಾಡು

ತುಂಬಾ ಧನ್ಯವಾದ. ಇಲ್ಲದ ಎರಡು ಅಂಶ: ‘ಕೋರ್ಸ್ ರೂಪಿಸಿದ ಅನುಭವ’ ಮತ್ತು ‘ಅನುದಾನ ತಂದ ಅನುಭವ’. ನಾನು ಎರಡು ವರ್ಷ ಟ್ಯುಟೋರಿಯಲ್ ಮಾತ್ರ ತೆಗೆದುಕೊಂಡಿದ್ದೇನೆ. ಅನುದಾನ ಅಂದರೆ ಆರ್ಕೈವ್‌ಗೆ ಹೋಗಲು ಸಿಕ್ಕ ಪ್ರಯಾಣ ಭತ್ಯೆ ಅಷ್ಟೇ.

ನಾಚಿಕೆ ಬಿಟ್ಟು ಪತ್ರದ ಮೊದಲ ಪ್ಯಾರಾ ಹಾಕುತ್ತೇನೆ. ಇಂಗ್ಲಿಷ್‌ನಲ್ಲಿ ಬರೆದದ್ದು, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ:

‘ನಿಮ್ಮ ಪ್ರತಿಷ್ಠಿತ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ಲೆಕ್ಚರರ್ ಹುದ್ದೆಗೆ ಅರ್ಜಿ ಸಲ್ಲಿಸಲು ಹರ್ಷಿಸುತ್ತೇನೆ. ಚಿಕ್ಕಂದಿನಿಂದಲೂ ನನಗೆ ಇತಿಹಾಸದಲ್ಲಿ ಅಪಾರ ಆಸಕ್ತಿ. ನನ್ನ ಸಂಶೋಧನೆಯು ನೀರು, ಅಧಿಕಾರ ಮತ್ತು ಸಮಾಜದ ಸಂಕೀರ್ಣ ಸಂಬಂಧಗಳನ್ನು ಅನ್ವೇಷಿಸುತ್ತದೆ. ಪರಿಶ್ರಮ ಮತ್ತು ನಿಷ್ಠೆಯಿಂದ ವಿಭಾಗಕ್ಕೆ ಕೊಡುಗೆ ನೀಡಬಲ್ಲೆ ಎಂಬ ವಿಶ್ವಾಸವಿದೆ.’

ಎಣಿಕೆ

ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ಇದನ್ನು ಬೇರೆ ಯಾರು ಬೇಕಾದರೂ ಬರೆಯಬಹುದಿತ್ತು. ನಾಲ್ಕು ವರ್ಷ ಕಡತದ ಧೂಳು ಕುಡಿದವರು ನೀವು. ಆ ಧೂಳು ಇದರಲ್ಲಿ ಎಲ್ಲಿದೆ? ‘ಪ್ರತಿಷ್ಠಿತ’ ತೆಗೆಯಿರಿ. ಚಿಕ್ಕಂದಿನ ಆಸಕ್ತಿ ತೆಗೆಯಿರಿ. ನಿಮ್ಮ ಪ್ರಬಂಧದ ಪ್ರಶ್ನೆ ಏನು? ಮನೆಯವರಿಗೆ ಹೇಳುವ ಹಾಗೆ ಒಂದು ವಾಕ್ಯದಲ್ಲಿ ಹೇಳಿ ನೋಡೋಣ.

ನೀರಿನ ಜಾಡು

ನೀರಿಗಾಗಿ ಕೋರ್ಟಿಗೆ ಹೋದವರು ಯಾರು, ಹೋಗದೆ ಸುಮ್ಮನೆ ಉಳಿದವರು ಯಾರು ಅನ್ನೋದು ನನ್ನ ಪ್ರಶ್ನೆ. 400ಕ್ಕೂ ಜಾಸ್ತಿ ವ್ಯಾಜ್ಯಗಳ ಕಡತ ಓದಿದೆ. ಮೊದಲ ವರ್ಷ ನನಗೆ ಕಂಡದ್ದು ಬರೀ ಜಮೀನಿನ ಒಡೆಯರ ಹೆಸರು. ಆಮೇಲೆ ಸಾಕ್ಷಿಗಳ ಹೇಳಿಕೆಯ ಹಾಳೆಗಳನ್ನು ಓದಲು ಶುರು ಮಾಡಿದೆ. ಅಲ್ಲಿ ನೀರು ಬಿಡುವ ಕೆಲಸ ಮಾಡುತ್ತಿದ್ದವರು, ಗದ್ದೆಯಲ್ಲಿ ದುಡಿಯುತ್ತಿದ್ದ ಹೆಂಗಸರು ಬರುತ್ತಾರೆ. ಹೇಳಿಕೆ ಬರೆದುಕೊಂಡವನು ಗುಮಾಸ್ತ. ಕೆಳಗೆ ಹೆಬ್ಬೆಟ್ಟಿನ ಗುರುತು. ಯಾವ ತೂಬು ಯಾವ ಹೊತ್ತಿಗೆ ತೆರೆಯಬೇಕು ಅನ್ನೋದು ನಿಜವಾಗಿ ಗೊತ್ತಿದ್ದದ್ದು ಇವರಿಗೆ. ವ್ಯಾಜ್ಯ ಮಾತ್ರ ಒಡೆಯರ ಹೆಸರಿನಲ್ಲಿ. ತೀರ್ಪಿನಲ್ಲಿ ಇವರ ಹೆಸರೇ ಇರುವುದಿಲ್ಲ.

ಹಳೆ ಕಡತ

ಇದೇ ನಿಮ್ಮ ಮೊದಲ ಪ್ಯಾರಾ! ಬೇರೆ ಏನೂ ಬೇಡ. ನಾನು ಹೀಗೆ ಕಟ್ಟುತ್ತಿದ್ದೆ:

‘ಪರಿಸರ ಮತ್ತು ಸಮಾಜದ ಲೆಕ್ಚರರ್ ಹುದ್ದೆಗೆ ಅರ್ಜಿ ಹಾಕುತ್ತಿದ್ದೇನೆ. ನೀರಿಗಾಗಿ ಕೋರ್ಟಿಗೆ ಹೋದವರು ಯಾರು, ಹೋಗಲಾಗದೆ ಉಳಿದವರು ಯಾರು ಎಂಬುದು ನನ್ನ ಸಂಶೋಧನೆಯ ಪ್ರಶ್ನೆ. 19ನೇ ಶತಮಾನದ 400ಕ್ಕೂ ಹೆಚ್ಚು ವ್ಯಾಜ್ಯಗಳ ಕಡತ ಓದಿ, ತೀರ್ಪುಗಳು ಬಿಟ್ಟುಬಿಟ್ಟ ಕೂಲಿಕಾರರ ಮತ್ತು ಹೆಂಗಸರ ಸಾಕ್ಷ್ಯದಿಂದ ನೀರಿನ ಹಂಚಿಕೆಯ ಇತಿಹಾಸ ಬರೆದಿದ್ದೇನೆ. ಇದೇ ಸಾಕ್ಷ್ಯಗಳ ಮೇಲೆ ಎರಡನೇ ವರ್ಷದ ವಿದ್ಯಾರ್ಥಿಗಳಿಗೆ ಒಂದು ಕೋರ್ಸ್ ಸಿದ್ಧಪಡಿಸಿದ್ದೇನೆ.’

ಕೊನೆಯ ವಾಕ್ಯ ಇನ್ನೂ ನಿಜ ಅಲ್ಲ, ಅಲ್ವಾ? ಅದನ್ನು ನಿಜ ಮಾಡಿ. ಮೂರು ವಾರ ಇದೆ. ಹತ್ತು ವಾರದ ಕೋರ್ಸ್ ಒಂದರ ರೂಪರೇಖೆ ಬರೆಯಿರಿ: ವಾರವಾರದ ವಿಷಯ, ಓದಬೇಕಾದದ್ದು, ವಿದ್ಯಾರ್ಥಿ ಕೈಗೆ ಕೊಡುವ ಒಂದು ಕಡತದ ಹಾಳೆ, ಮೌಲ್ಯಮಾಪನ ಹೇಗೆ ಅಂತ. ಒಂದು ಪುಟ ಸಾಕು. ‘ಕೋರ್ಸ್ ರೂಪಿಸಿದ ಅನುಭವ’ ಅನ್ನೋ ಮನೆಯಲ್ಲಿ ಸೊನ್ನೆ ಹಾಕಬೇಕಿದ್ದ ಕೈ ಆಗ ಒಂದೋ ಎರಡೋ ಹಾಕುತ್ತದೆ. ಪ್ರಯಾಣ ಭತ್ಯೆಯನ್ನೂ ಬಿಡಬೇಡಿ. ಸ್ಪರ್ಧೆಯಲ್ಲಿ ಗೆದ್ದ ಹಣ ಅಂದರೆ ಅದು ಅನುದಾನವೇ. ಮೊತ್ತ, ವರ್ಷ ಹಾಕಿ.

ಅಡಿಟಿಪ್ಪಣಿ

ತಡವಾಗಿ ಬರುತ್ತಿದ್ದೇನೆ. ನಾನು ಜರ್ಮನಿಯಲ್ಲಿ ಎರಡು ಪೋಸ್ಟ್‌ಡಾಕ್ ಮಾಡಿದವಳು. ಮೂರು ವರ್ಷದ ಪೋಸ್ಟ್‌ಡಾಕ್ ಬಗ್ಗೆ ಒಂದು ಮಾತು.

ಹುದ್ದೆಯ ಹೆಸರಿಗಿಂತ ಮೊದಲು ಅವಧಿಯ ನಿಯಮ ಓದಿ. ಜರ್ಮನಿಯಲ್ಲಿ 2007ರಿಂದ ಒಂದು ಕಾನೂನು ಇದೆ. ಪಿಎಚ್‌ಡಿಗೆ ಮೊದಲು ಆರು ವರ್ಷ, ಆಮೇಲೆ ಆರು ವರ್ಷ, ಸಾಮಾನ್ಯವಾಗಿ ಇಷ್ಟೇ ತಾತ್ಕಾಲಿಕ ಒಪ್ಪಂದದಲ್ಲಿ ಇಟ್ಟುಕೊಳ್ಳಬಹುದು. ವೈದ್ಯಕೀಯದವರಿಗೆ ಮಾತ್ರ ಆಮೇಲಿನದು ಒಂಬತ್ತು. ಜನರನ್ನು ಕಾಯಂ ಮಾಡಲಿ ಅನ್ನೋದು ಇದರ ಉದ್ದೇಶ ಅಂತಾರೆ. ನಡೆದದ್ದು ಏನೆಂದರೆ, ಎಷ್ಟೋ ಜನ ಆರು ವರ್ಷ ಮುಗಿದ ದಿನ ಹೊರಗೆ ಹೋಗಬೇಕಾಯಿತು. 2021ರ ಜೂನ್‌ನಲ್ಲಿ ‘ನಾನು ಹನ್ನಾ’ ಅನ್ನೋ ಹ್ಯಾಷ್‌ಟ್ಯಾಗ್ ಹಾಕಿ ಸಾವಿರಾರು ಸಂಶೋಧಕರು ಟ್ವಿಟರ್‌ನಲ್ಲಿ ತಮ್ಮ ಕಥೆ ಬರೆದರು. ಈ ಕಾನೂನನ್ನು ಸಮರ್ಥಿಸಲು ಸರ್ಕಾರ ಮಾಡಿಸಿದ್ದ ವಿಡಿಯೊದಲ್ಲಿದ್ದ ಕಲ್ಪಿತ ಸಂಶೋಧಕಿಯ ಹೆಸರು ಹನ್ನಾ. ನಾನೂ ಆವತ್ತು ಬರೆದೆ. ಬರೆಯುವಾಗ ಕೈ ನಡುಗಿತ್ತು, ಯಾಕೆಂದರೆ ನನ್ನ ಒಪ್ಪಂದಕ್ಕೆ ಆಗ ಉಳಿದಿದ್ದು ಹನ್ನೊಂದು ತಿಂಗಳು.

ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್ ಕೂಡ ನಿಮಗೆ ಆಗುತ್ತದೆ. ಪಿಎಚ್‌ಡಿ ಆಗಿ ಎಂಟು ವರ್ಷದೊಳಗೆ ಇರಬೇಕು. ಹೋಗುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಈ ಎರಡನೇ ನಿಯಮ ಗಮನಿಸಿ. ಈ ಒಂಬತ್ತು ತಿಂಗಳ ಕೆಲಸಕ್ಕೆ ಹೋಗಿ, ಆಮೇಲೆ ಅದನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದರೆ, ಅದೇ ದೇಶಕ್ಕೆ ಈ ಫೆಲೋಶಿಪ್ ಹಾಕಲು ಆಗದೇ ಹೋಗಬಹುದು. ನನ್ನ ಗೆಳತಿಗೆ ಹೀಗೇ ಆಯಿತು. ಎರಡು ತಿಂಗಳ ಲೆಕ್ಕ ತಪ್ಪಿ ಅರ್ಜಿಯೇ ತಿರಸ್ಕಾರ.

ಮೂರನೇ ಪೀರಿಯಡ್

ಒಂಬತ್ತು ತಿಂಗಳ ಹುದ್ದೆಯ ಬಗ್ಗೆ ನಾನೇ ಹೇಳಬೇಕು. ಅಂಥ ಹುದ್ದೆಗಳಲ್ಲೇ ಏಳು ವರ್ಷ ಕಳೆದಿದ್ದೇನೆ.

ನನ್ನ ಮೊದಲ ಜಾಗದಲ್ಲಿ ಒಪ್ಪಂದ ಹತ್ತು ತಿಂಗಳದ್ದು. ಬೇಸಿಗೆಯ ಎರಡು ತಿಂಗಳು ಸಂಬಳ ಇಲ್ಲ. ಆ ಎರಡು ತಿಂಗಳಲ್ಲೇ ಮುಂದಿನ ವರ್ಷದ ಮೂರು ಕೋರ್ಸ್ ತಯಾರಿ ಆಗಬೇಕು. ಪಾಠದ ಗಂಟೆಗೆ ಲೆಕ್ಕ ಇತ್ತು, ಉತ್ತರಪತ್ರಿಕೆ ತಿದ್ದುವ ಗಂಟೆಗೆ ಇರಲಿಲ್ಲ. ಒಂದು ಸೆಮಿಸ್ಟರ್ 160 ಪ್ರಬಂಧ ತಿದ್ದಿದೆ. ಕಚೇರಿ ಇರಲಿಲ್ಲ. ವಿದ್ಯಾರ್ಥಿಗಳನ್ನು ಮೆಟ್ಟಿಲ ಕೆಳಗಿನ ಬೆಂಚಿನ ಮೇಲೆ ಕೂರಿಸಿ ಮಾತಾಡುತ್ತಿದ್ದೆ. ಒಬ್ಬ ಹುಡುಗಿ ಅವಳ ತಂದೆ ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದ್ದು ಆ ಬೆಂಚಿನ ಮೇಲೆ. ಜನ ಓಡಾಡುತ್ತಿದ್ದರು. ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಇರಬೇಕಿತ್ತು. ಇವತ್ತಿಗೂ ಆ ಸಿಟ್ಟು ಹೋಗಿಲ್ಲ.

ಹಾಗಂತ ಹಾಕಬೇಡಿ ಅನ್ನುವುದಿಲ್ಲ. ಹಾಕುವ ಮೊದಲು ಕೇಳಿ. ವಾರಕ್ಕೆ ಎಷ್ಟು ಗಂಟೆ ಪಾಠ? ಎಷ್ಟು ಹೊಸ ಕೋರ್ಸ್? ತಿದ್ದುವುದಕ್ಕೆ ಲೆಕ್ಕ ಇದೆಯಾ? ಲೈಬ್ರರಿ ಪ್ರವೇಶ ಒಪ್ಪಂದ ಮುಗಿದ ಮೇಲೂ ಇರುತ್ತಾ? ಜಾಹೀರಾತಿನಲ್ಲಿ ಅನೌಪಚಾರಿಕ ವಿಚಾರಣೆಗೆ ಅಂತ ಯಾರದೋ ಹೆಸರು ಕೊಟ್ಟಿರುತ್ತಾರೆ. ಅವರಿಗೇ ಬರೆಯಿರಿ. ಉತ್ತರ ಬಂದ ರೀತಿಯಲ್ಲೇ ವಿಭಾಗ ಹೇಗಿದೆ ಅಂತ ಅರ್ಧ ಗೊತ್ತಾಗುತ್ತದೆ.

ಎಣಿಕೆ

ಮೂರನೇ ಪೀರಿಯಡ್ ಸರ್, ಬೆಂಚಿನ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಬರೆದಿದ್ದಕ್ಕೆ ಧನ್ಯವಾದ.

ಕಪಾಟು

ಇಷ್ಟು ಜನ ದೇಶ ದೇಶದ ಬಗ್ಗೆ ಹೇಳುತ್ತಿದ್ದೀರಿ. ‘ಕಾಯಂ’ ಅನ್ನೋ ಪದ ಒಂದೊಂದು ಕಡೆ ಒಂದೊಂದು ಅರ್ಥ ಅಲ್ವಾ? ಟೆನ್ಯೂರ್ ಅಂದರೂ ಅದೇನಾ?

ಹಳೆ ಕಡತ

ಅಲ್ಲ. ಅಮೆರಿಕದ ಟೆನ್ಯೂರ್‌ಗೆ ಆಧಾರ 1940ರ ಹೇಳಿಕೆ. ಪ್ರಾಧ್ಯಾಪಕರ ಸಂಘ ಮತ್ತು ಕಾಲೇಜುಗಳ ಸಂಘ ಸೇರಿ ಮಾಡಿದ್ದು. ಪ್ರೊಬೇಶನ್ ಅವಧಿ ಏಳು ವರ್ಷ ಮೀರಬಾರದು ಅಂತ ಅದರಲ್ಲಿದೆ. ಅದಕ್ಕೇ ಸಾಮಾನ್ಯವಾಗಿ ಆರನೇ ವರ್ಷ ನಿಮ್ಮ ಕೆಲಸದ ಕಡತ ಕೇಳುತ್ತಾರೆ. ಟೆನ್ಯೂರ್ ಸಿಕ್ಕರೆ ಕಾಯಂ, ಸಿಗದಿದ್ದರೆ ಹೊರಗೆ. ಬ್ರಿಟನ್‌ನಲ್ಲಿ 1988ರ ಶಿಕ್ಷಣ ಸುಧಾರಣಾ ಕಾಯ್ದೆ ಆ ಥರದ ಟೆನ್ಯೂರ್ ಅನ್ನು ತೆಗೆದುಹಾಕಿತು. ಅಲ್ಲಿ ಕಾಯಂ ಲೆಕ್ಚರರ್ ಅಂದರೆ ಮೊದಲ ದಿನದಿಂದ ಅವಧಿ ಮಿತಿ ಇಲ್ಲದ ಒಪ್ಪಂದ, ಜೊತೆಗೆ ಕೆಲವು ವರ್ಷದ ಪ್ರೊಬೇಶನ್. ಆದರೆ ವಿಭಾಗವೇ ಮುಚ್ಚಿದರೆ ಕೆಲಸ ಹೋಗಬಹುದು. ಫ್ರಾನ್ಸ್‌ನ ವಿಶ್ವವಿದ್ಯಾಲಯಗಳಲ್ಲಿ ಮೊದಲ ಕಾಯಂ ಹುದ್ದೆಗೆ ಅರ್ಜಿ ಹಾಕುವ ಮೊದಲೇ ಸಾಮಾನ್ಯವಾಗಿ ರಾಷ್ಟ್ರೀಯ ಮಂಡಳಿಯಿಂದ ಅರ್ಹತೆ ಪಡೆಯಬೇಕು. ಹುದ್ದೆ ಸಿಕ್ಕರೆ ಅದು ಸರ್ಕಾರಿ ನೌಕರಿ. ಭಾರತದಲ್ಲಿ ಯುಜಿಸಿ ನಿಯಮ 2018ರದು. ವಿಶ್ವವಿದ್ಯಾಲಯದ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಪಿಎಚ್‌ಡಿ ಕಡ್ಡಾಯ ಅಂತ ಇದ್ದದ್ದನ್ನು 2023ರ ಜುಲೈನಲ್ಲಿ ಬದಲಿಸಿ, ನೇರ ನೇಮಕಕ್ಕೆ ನೆಟ್, ಸೆಟ್ ಅಥವಾ ಸ್ಲೆಟ್ ಅನ್ನೋ ಅರ್ಹತಾ ಪರೀಕ್ಷೆ ಪಾಸಾಗಿರುವುದೇ ಕನಿಷ್ಠ ಅರ್ಹತೆ ಅಂತ ಮಾಡಿದರು.

ಅಡಿಟಿಪ್ಪಣಿ

ಜರ್ಮನಿಯದ್ದು ಇನ್ನೊಂದು ಸೇರಿಸುತ್ತೇನೆ. ಪ್ರೊಫೆಸರ್ ಹುದ್ದೆಗೆ ಸಮಿತಿ ಸಾಮಾನ್ಯವಾಗಿ ಮೂವರ ಪಟ್ಟಿ ಮಾಡುತ್ತದೆ, ಒಂದು ಎರಡು ಮೂರು ಅಂತ. ಮೊದಲನೆಯವರು ಮಾತುಕತೆ ನಡೆಸಿ ಬೇಡ ಅಂದರೆ ಎರಡನೆಯವರಿಗೆ ಕರೆ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವೊಮ್ಮೆ ವರ್ಷ. ಉತ್ತರ ಬರಲಿಲ್ಲ ಅಂತ ಕೈ ಚೆಲ್ಲಿ ಕೂರಬೇಡಿ.

ಉತ್ತರ ಬಾರದ ರೆಫರಿಗೂ ಒಂದು ದಾರಿ ಹೇಳುತ್ತೇನೆ. ಮೂರನೇ ಮೇಲ್‌ನಲ್ಲಿ ‘ನೆನಪಿಸುತ್ತಿದ್ದೇನೆ’ ಅಂತ ಮಾತ್ರ ಬರೆಯಬೇಡಿ. ಜಾಹೀರಾತು, ನಿಮ್ಮ ಪತ್ರದ ಕರಡು, ಸಿವಿ, ಅವರು ಯಾವ ಮೂರು ಸಂಗತಿ ಹೇಳಿದರೆ ಅನುಕೂಲ ಅನ್ನೋದು, ಕೊನೆಯ ದಿನ ದಪ್ಪಕ್ಷರದಲ್ಲಿ. ಇಷ್ಟನ್ನೂ ಒಂದೇ ಮೇಲ್‌ನಲ್ಲಿ ಕಳಿಸಿ. ‘ಈ ಸಲ ಆಗದಿದ್ದರೆ ಹೇಳಿ, ಬೇರೆಯವರನ್ನು ಕೇಳುತ್ತೇನೆ’ ಅಂತ ಕೊನೆಯಲ್ಲಿ ಸೇರಿಸಿ. ಎಷ್ಟೋ ಪ್ರಾಧ್ಯಾಪಕರು ಬರೆಯಬೇಕು ಅಂದುಕೊಂಡೇ ಇರುತ್ತಾರೆ. ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದೆ ಮುಂದೂಡುತ್ತಾರೆ.

ನೀರಿನ ಜಾಡು

ಒಂದು ವಾರದ ಸುದ್ದಿ. ರೆಫರಿ ಉತ್ತರ ಕೊಟ್ಟರು! ಅಡಿಟಿಪ್ಪಣಿ ಮೇಡಂ ಹೇಳಿದ ಹಾಗೇ ಮಾಡಿದೆ, ಅದೇ ಸಂಜೆ ಬಂತು. ಕೋರ್ಸ್‌ನ ರೂಪರೇಖೆ ಬರೆದೆ. ನಾಲ್ಕನೇ ವಾರಕ್ಕೆ ಒಂದೇ ಒಂದು ಸಾಕ್ಷಿ ಹೇಳಿಕೆಯ ಹಾಳೆ ಇಟ್ಟಿದ್ದೇನೆ. ಒಂದು ಗಂಟೆ ಪೂರ್ತಿ ಅದನ್ನೇ ಓದುವುದು. ಯಾರು ಮಾತಾಡುತ್ತಿದ್ದಾರೆ, ಯಾರು ಬರೆಯುತ್ತಿದ್ದಾರೆ ಅಂತ ಹುಡುಕುವುದು. ಬರೆಯುತ್ತಾ ನನಗೇ ಪಾಠ ಮಾಡುವ ಆಸೆ ಹುಟ್ಟಿತು.

ಬೋಧನೆಯ ಹುದ್ದೆಯವರಿಗೆ ಮೇಲ್ ಹಾಕಿ ಮೂರನೇ ಪೀರಿಯಡ್ ಸರ್ ಕೊಟ್ಟ ಪ್ರಶ್ನೆ ಕೇಳಿದೆ. ನೇರವಾಗಿ ಉತ್ತರ ಕೊಟ್ಟರು. ವಾರಕ್ಕೆ ಹನ್ನೆರಡು ಗಂಟೆ, ಮೂರು ಕೋರ್ಸ್, ಅದರಲ್ಲಿ ಎರಡು ಮಧ್ಯಯುಗದವು. ಮಧ್ಯಯುಗ ನನ್ನ ಕೈಯಲ್ಲಿ ಆಗುವುದಿಲ್ಲ. ಅದನ್ನು ಕೈಬಿಟ್ಟೆ. ಉಳಿದ ಎರಡಕ್ಕೆ ಹಾಕುತ್ತಿದ್ದೇನೆ.

ಮೂರನೇ ಪೀರಿಯಡ್

ಸರಿಯಾದ ತೀರ್ಮಾನ. ಆ ಹುದ್ದೆ ಮಧ್ಯಯುಗ ಓದಿದ ಯಾರಿಗೋ ನಿಜವಾಗಿ ಬೇಕಾಗಿರುತ್ತದೆ.

ಕಪಾಟು

ನಾನು ಪಿಎಚ್‌ಡಿ ಆದ ಮೇಲೆ ಮೂರು ವರ್ಷ ಅರ್ಜಿ ಹಾಕಿ, ಆಮೇಲೆ ಆರ್ಕೈವ್ ಕೆಲಸಕ್ಕೆ ಬಂದೆ. ಇಲ್ಲಿ ಹೇಳಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ. ಹೇಳುತ್ತೇನೆ. ಅರ್ಜಿ ಹಾಕುವಾಗಲೇ ನಿಮಗೆ ನೀವೇ ಒಂದು ತಾರೀಖು ಇಟ್ಟುಕೊಳ್ಳಿ. ಎಷ್ಟು ಸುತ್ತು, ಎಷ್ಟು ವರ್ಷ ಅಂತ. ನಾನು ಇಟ್ಟುಕೊಂಡಿರಲಿಲ್ಲ. ಮೂರನೇ ವರ್ಷ ದಿನಾ ಬೆಳಿಗ್ಗೆ ಮೇಲ್ ತೆರೆಯಲು ಭಯ ಆಗುತ್ತಿತ್ತು. ಈಗ ನಿಮ್ಮಂಥ ಸಂಶೋಧಕರಿಗೆ ಕಡತ ತೆಗೆದುಕೊಡುತ್ತೇನೆ. ಹಾಳೆ ತಿರುವಿ ಯಾರಾದರೂ ಥಟ್ಟನೆ ನೋಟ್‌ಬುಕ್ ಎಳೆದುಕೊಂಡರೆ ಏನೋ ಸಿಕ್ಕಿತು ಅಂತ ನನಗೆ ಗೊತ್ತಾಗುತ್ತದೆ. ಅವತ್ತು ಪೂರ್ತಿ ಖುಷಿ.

ಇನ್ನೊಂದು ಸಣ್ಣ ಮಾತು. ಪೋಸ್ಟ್‌ಡಾಕ್ ಪತ್ರದಲ್ಲಿ ನೀವು ಕಡತ ಓದುವುದನ್ನೇ ಫೀಲ್ಡ್‌ವರ್ಕ್ ಅಂತ ಕರೆಯಬೇಡಿ. ಮಾನವಶಾಸ್ತ್ರದವರು ಒಪ್ಪುವುದಿಲ್ಲ. ಕಡತದಿಂದ ಏನು ಗೊತ್ತಾಗುತ್ತದೆ, ಜನರ ಜೊತೆ ಇದ್ದರೆ ಮಾತ್ರ ಏನು ಗೊತ್ತಾಗುತ್ತದೆ ಅಂತ ಬಿಡಿಸಿ ಹೇಳಿ. ಎರಡೂ ಬೇಕು ಅಂತ ಅವರೇ ಅಂದುಕೊಳ್ಳುತ್ತಾರೆ.

ಎಣಿಕೆ

ಕಪಾಟು ಮೇಡಂ ಹೇಳಿದ ಈ ಕೊನೆಯ ಮಾತನ್ನು ಪತ್ರದ ನಡುವೆ ಇಡಿ. ಪ್ರಾಜೆಕ್ಟ್ ಪೋಸ್ಟ್‌ಡಾಕ್ ಅಂದರೆ ಅವರ ಯೋಜನೆಗೆ ಕೈ ಜೋಡಿಸುವ ಕೆಲಸ. ನಿಮ್ಮ ಪ್ರಬಂಧದ ಬಗ್ಗೆ ಎರಡು ಪ್ಯಾರಾ ಸಾಕು. ಅವರ ಪ್ರಾಜೆಕ್ಟ್ ಪುಟ ಓದಿ, ‘ನಿಮ್ಮ ಎರಡನೇ ಭಾಗದ ಹಳ್ಳಿಗಳ ಹಳೆಯ ವ್ಯಾಜ್ಯಗಳನ್ನು ನಾನು ಹೀಗೆ ಹುಡುಕಬಲ್ಲೆ’ ಅಂತ ಬರೆಯಿರಿ. ಅವರಲ್ಲಿ ಕಡತ ಓದುವವರು ಇಲ್ಲದೇ ಇರಬಹುದು. ‘ಯಾವ ವಿಭಾಗದವರಾದರೂ ಸರಿ’ ಅಂದಿರುವುದು ಅದಕ್ಕೇ ಇರಬೇಕು ಅಂತ ನನ್ನ ಊಹೆ.

ನೀರಿನ ಜಾಡು

ಎರಡೂ ಕಳಿಸಿ ಐದು ವಾರ ಆಯಿತು. ಲೆಕ್ಚರರ್ ಹುದ್ದೆಗೆ ಶಾರ್ಟ್‌ಲಿಸ್ಟ್ ಆಗಲಿಲ್ಲ. ನಾಲ್ಕು ಸಾಲಿನ ಮೇಲ್. ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಮೂರನೇ ದಿನ ಪೋಸ್ಟ್‌ಡಾಕ್ ಸಂದರ್ಶನಕ್ಕೆ ಕರೆ ಬಂತು! ವಿಡಿಯೊ ಮೂಲಕ, ಮುಂದಿನ ಶುಕ್ರವಾರ. ಹತ್ತು ನಿಮಿಷ ನಾನು ಮಾತಾಡಬೇಕು, ಆಮೇಲೆ ಮೂವತ್ತು ನಿಮಿಷ ಪ್ರಶ್ನೆ. ನಾಲ್ಕು ಜನ ಇರುತ್ತಾರಂತೆ. ಏನು ತಯಾರಿ ಮಾಡಲಿ?

ಹಳೆ ಕಡತ

ಕರೆ ಬಂದಿದ್ದು ತುಂಬಾ ಸಂತೋಷ. ಲೆಕ್ಚರರ್ ವಿಭಾಗಕ್ಕೆ ಒಂದು ಮೇಲ್ ಹಾಕಿ, ಅರ್ಜಿಯಲ್ಲಿ ಯಾವ ಅಂಶಕ್ಕೆ ಅಂಕ ಕಡಿಮೆ ಬಂತು ಅಂತ ಕೇಳಿ. ಎಲ್ಲರೂ ಹೇಳುವುದಿಲ್ಲ. ಹೇಳಿದರೆ ಮುಂದಿನದಕ್ಕೆ ಉಪಯೋಗ.

ಸಂದರ್ಶನಕ್ಕೆ ಹತ್ತು ನಿಮಿಷ ಅಂದರೆ ಒಂಬತ್ತಕ್ಕೆ ಮುಗಿಸಿ. ಸ್ಲೈಡ್ ನಾಲ್ಕು ಸಾಕು. ಒಂದರಲ್ಲಿ ಆ ಹೆಬ್ಬೆಟ್ಟಿನ ಹಾಳೆಯ ಚಿತ್ರ ಇರಲಿ, ಆರ್ಕೈವ್‌ನ ಅನುಮತಿ ಇದ್ದರೆ. ಅದರ ಮೇಲೆ ಎರಡು ನಿಮಿಷ ನಿಲ್ಲಿ. ಪ್ರಶ್ನೆಗಳು ಬಹುತೇಕ ಹೀಗಿರುತ್ತವೆ. ಈ ಪ್ರಾಜೆಕ್ಟ್‌ಗೆ ಯಾಕೆ? ಮೊದಲ ಆರು ತಿಂಗಳು ಏನು ಮಾಡುತ್ತೀರಿ? ಬೇರೆ ವಿಭಾಗದವರ ಜೊತೆ ಸೇರಿ ಬರೆದಿದ್ದೀರಾ? ಒಂದು ಕೆಲಸ ಕೈಕೊಟ್ಟಾಗ ಏನು ಮಾಡಿದಿರಿ? ಈ ಕೊನೆಯದಕ್ಕೆ ನಿಮ್ಮ ಮೊದಲ ವರ್ಷದ ಕಥೆ ಹೇಳಿ, ಬರೀ ಒಡೆಯರ ಹೆಸರು ಕಂಡದ್ದು. ಮದುವೆ, ಮಕ್ಕಳ ಬಗ್ಗೆ ಅವರು ಕೇಳಬಾರದು. ಕೇಳಿದರೆ ‘ಕೆಲಸಕ್ಕೆ ಪೂರ್ತಿ ಸಮಯ ಕೊಡಲು ಸಿದ್ಧ’ ಅಂದು ಮುಂದಿನ ಪ್ರಶ್ನೆಗೆ ಹೋಗಿ.

ಅಡಿಟಿಪ್ಪಣಿ

ಕೊನೆಯಲ್ಲಿ ‘ನಿಮಗೆ ಏನಾದರೂ ಕೇಳುವುದಿದೆಯಾ’ ಅಂತಾರೆ. ಇಲ್ಲ ಅನ್ನಬೇಡಿ. ಒಟ್ಟಿಗೆ ಬರೆದ ಲೇಖನದಲ್ಲಿ ಹೆಸರಿನ ಕ್ರಮ ಹೇಗೆ ತೀರ್ಮಾನಿಸುತ್ತೀರಿ, ನನ್ನ ಪುಸ್ತಕಕ್ಕೆ ವಾರದಲ್ಲಿ ಸಮಯ ಸಿಗುತ್ತದಾ, ಈ ಎರಡು ಕೇಳಿ. ಪ್ರಾಜೆಕ್ಟ್ ಪೋಸ್ಟ್‌ಡಾಕ್‌ನಲ್ಲಿ ಮೂರು ವರ್ಷ ಬೇರೆಯವರ ಕೆಲಸ ಮಾಡಿ, ತನ್ನ ಪುಸ್ತಕ ಹಾಗೇ ಉಳಿದದ್ದು ನನ್ನದೇ ಕಥೆ. ನಿಮಗೆ ಹಾಗಾಗಬಾರದು.

ನೀರಿನ ಜಾಡು

ಬರೆದುಕೊಂಡೆ. ಒಂದು ಭಯ ಉಳಿದಿದೆ. ‘ನೀವು ಮಾನವಶಾಸ್ತ್ರ ಓದಿಲ್ಲವಲ್ಲ’ ಅಂತ ಕೇಳಿದರೆ ಬಾಯಿ ಕಟ್ಟುತ್ತದೆ. ಉತ್ತರ ಗೊತ್ತಿದೆ. ಹೇಳಲು ಹೋದರೆ ಗಂಟಲು ಒಣಗುತ್ತದೆ.

ಕಪಾಟು

ಅದನ್ನು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಬೇಕು, ಬರೆದರೆ ಆಗುವುದಿಲ್ಲ. ನಾನು ಸಂಜೆ ಹೊತ್ತು ಬಿಡುವು.

ಎಣಿಕೆ

ನಾನೂ ಬರುತ್ತೇನೆ. ಬುಧವಾರ ಸಂಜೆ ಏಳಕ್ಕೆ ವಿಡಿಯೊದಲ್ಲಿ ಸೇರೋಣ. ಮಾನವಶಾಸ್ತ್ರದವರು ಕೇಳುವ ಪ್ರಶ್ನೆ ನಾನು ಕೇಳುತ್ತೇನೆ, ಆ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಹಳೆ ಕಡತ ಸರ್ ಗಡಿಯಾರ ನೋಡಿಕೊಳ್ಳಲಿ. ಸ್ಲೈಡ್ ತೆರೆದಿಟ್ಟುಕೊಂಡಿರಿ ಮೇಡಂ, ಒಂಬತ್ತು ನಿಮಿಷಕ್ಕೆ ನಿಲ್ಲಿಸುತ್ತೇವೆ.

ನೀರಿನ ಜಾಡು

ಬರುತ್ತೇನೆ. ಹೆಬ್ಬೆಟ್ಟಿನ ಹಾಳೆಗೆ ಅನುಮತಿ ಕೇಳಿ ಆರ್ಕೈವ್‌ಗೆ ಈಗಷ್ಟೇ ಮೇಲ್ ಹಾಕಿದೆ.